ನನ್ನ ಮುಂದ ಯಾಕ ಕೊಡಲಿಲ್ಲ?

ಒಂದಾನೊಂದು ಊರು. ಆ ಊರಿನಲ್ಲಿ ಬೆಳಗಾದರೆ ಮೊದಲು ಬೆಲ್ಲದ ವಾಸನೆ ಏಳುತ್ತಿತ್ತು, ಅದರ ಹಿಂದೆ ಸೂರ್ಯ ಏಳುತ್ತಿದ್ದ. ಅಲ್ಲಿಯ ಇರುವೆಗಳು ಕೂಡ ದಪ್ಪ ದಪ್ಪ. ಮದುವೆ ಊಟ ಮುಗಿಸಿದ ಬೀಗರ ಹಾಗೆ ಸಾವಕಾಶವಾಗಿ ನಡೆಯುತ್ತಿದ್ದವಂತೆ. ಅಂಥ ಊರಲ್ಲಿ ಒಬ್ಬ ಶ್ರೀಮಂತ ಇದ್ದ. ಬೆಲ್ಲದ ವ್ಯಾಪಾರಿ. ಅವನಿಗೆ ಹೆಸರಿಡುವುದು ಬೇಡ. ಹೆಸರಿಟ್ಟರೆ ನೀವು 'ಓ, ಅವನಾ? ನಾನಲ್ಲ ಬಿಡು' ಅಂತ ನಿರಾಳವಾಗಿ ಗೋಡೆಗೆ ಒರಗಿಬಿಡುತ್ತೀರಿ. ಸಾಹುಕಾರ ಅನ್ನೋಣ, ಸಾಕು.

ಸಾಹುಕಾರನಿಗೆ ಒಬ್ಬಳೇ ಮಗಳು. ಅವಳಿಗೆ ಹೆಸರು ಬೇಕು, ಯಾಕೆಂದರೆ ಈ ಕಥೆ ಮುಗಿಯುವ ತನಕ ನೀವು ಅವಳ ಕೈ ಬಿಡುವ ಹಾಗಿಲ್ಲ. ನೀಲಾಂಬಿಕೆ. ಮನೆಯಲ್ಲಿ ನೀಲಾ. ಮುಂದಿನ ಹಲ್ಲು ಬಿದ್ದು, ನಕ್ಕರೆ ಕಿಟಕಿ ತೆರೆದ ಹಾಗೆ ಕಾಣುವ ವಯಸ್ಸು.

ಸಾಹುಕಾರ ಕೆಟ್ಟವನೇ? ಅಲ್ಲ ನೋಡಿ. ಅವನು ಚಿಕ್ಕವನಿದ್ದಾಗ ಅವನ ಮನೆಯಲ್ಲಿ ರೊಕ್ಕದ ಮಾತು ಶುರುವಾದರೆ ಅದು ಜಗಳದಲ್ಲೇ ಮುಗಿಯುತ್ತಿತ್ತು. ಅಪ್ಪನ ದನಿ ಏರುತ್ತಿತ್ತು, ಅವ್ವ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಈ ಹುಡುಗ ಕಂಬಳಿಯೊಳಗೆ ಕಿವಿ ಮುಚ್ಚಿಕೊಂಡು ಮಲಗುತ್ತಿದ್ದ. ಅವತ್ತೇ ಅವನು ಮನಸ್ಸಿನಲ್ಲಿ ಒಂದು ಆಣೆ ಮಾಡಿಕೊಂಡ: ನನಗೊಂದು ಮಗು ಹುಟ್ಟಿದರೆ ಅದರ ಕಿವಿಯ ಮೇಲೆ ರೊಕ್ಕ ಎನ್ನುವ ಶಬ್ದವೇ ಬೀಳಬಾರದು. ಒಳ್ಳೆಯ ಆಣೆಯೇ, ಅಲ್ಲವೇ? ಪ್ರೀತಿಯಿಂದ ಮಾಡಿದ ಆಣೆ. ತಾಯಂದಿರೇ, ಅಣ್ಣಂದಿರೇ, ಮಕ್ಕಳ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪುಗಳೆಲ್ಲ ಪ್ರೀತಿಯಿಂದ ಮಾಡಿದವೇ ಆಗಿರುತ್ತವೆ. ಸಿಟ್ಟಿನಿಂದ ಮಾಡಿದ್ದು ನಮಗೇ ಗೊತ್ತಾಗುತ್ತದೆ, ತಿದ್ದಿಕೊಳ್ಳುತ್ತೇವೆ. ಪ್ರೀತಿಯಿಂದ ಮಾಡಿದ್ದನ್ನು ತಿದ್ದುವವರು ಯಾರು?

ಸರಿ. ಸಾಹುಕಾರ ಬಜಾರಿನ ಅಂಗಡಿಕಾರರಿಗೆಲ್ಲ ಹೇಳಿಬಿಟ್ಟಿದ್ದ. "ನಮ್ಮ ನೀಲಾ ಬಂದು ಏನು ಕೇಳಿದ್ರೂ ಕೊಡ್ರಿ. ಕೂಸಿನ ಮುಂದ ರೊಕ್ಕದ ಮಾತು ತಗೀಬ್ಯಾಡ್ರಿ. ವಾರಕ್ಕೊಮ್ಮಿ ನಮ್ಮ ಗುಮಾಸ್ತ ಬಂದು ಕೊಟ್ಟು ಹೋಗ್ತಾನ." ಅಂಗಡಿಕಾರರಿಗೇನು ತೊಂದರೆ? ನೀಲಾ ಹೋಗುವಳು, ಪೆಪ್ಪರಮಿಂಟು ಕೇಳುವಳು, ಪೆಪ್ಪರಮಿಂಟು ಬರುವುದು. ರಿಬ್ಬನ್ ಕೇಳುವಳು, ರಿಬ್ಬನ್ ಬರುವುದು. ನಮ್ಮ ಅಜ್ಜಿಯರು ಹೇಳುವ ಕಥೆಗಳಲ್ಲಿ ಬೇಡಿದ್ದು ಕೊಡುವ ಮರ ಇರುತ್ತದಲ್ಲ, ಅವಳಿಗೆ ಇಡೀ ಬಜಾರೇ ಅಂಥ ಮರ.

ಮನೆಯಲ್ಲೂ ಹಾಗೆಯೇ. ಸಾಹುಕಾರನ ಹೆಂಡತಿ ಹಾಲಿನವನಿಗೆ ರೊಕ್ಕ ಕೊಡಬೇಕಾದರೆ ಮಗಳನ್ನು ಹಿತ್ತಲಿಗೆ ಕಳಿಸಿ, ಸಾಸಿವೆ ಡಬ್ಬಿಗೆ ಕೈ ಹಾಕಿ, ಸೆರಗಿನ ಮರೆಯಲ್ಲಿ ಕೊಡುತ್ತಿದ್ದಳು. ಕಳ್ಳ ಕೆಲಸವೇನಲ್ಲ, ಹಾಲಿನ ರೊಕ್ಕ! ಆದರೂ ಮರೆ.

ಇನ್ನೊಂದು ವಿಷಯ ಕೇಳಿ, ಇಲ್ಲೇ ಕಥೆಯ ಗಂಟು ಇರುವುದು. ಆ ಊರಿನ ಬೆಲ್ಲದ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿ ಇರಲಿಲ್ಲ. ಮಾರುವವನು, ಕೊಳ್ಳುವವನು ಎದುರುಬದುರು ಕೂತು, ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಒತ್ತಿ ದರ ಮಾಡುತ್ತಿದ್ದರು. ಇಷ್ಟು ಬೆರಳು ಒತ್ತಿದರೆ ಇಷ್ಟು ರೊಕ್ಕ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು. ವಸ್ತ್ರದ ಮೇಲೆ ನಗೆ, ಕುಶಲ, ಮಳೆ ಬೆಳೆಯ ಮಾತು. ವಸ್ತ್ರದ ಕೆಳಗೆ ವ್ಯಾಪಾರ.

ನೀಲಾ ಒಂದು ದಿನ ಅಪ್ಪನ ಪಕ್ಕದಲ್ಲಿ ಬೆಲ್ಲದ ಪೆಂಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತ ಕೇಳಿದಳು. "ಅಪ್ಪ, ಅವರ ಕೈ ಯಾಕ ಹಿಡಕೊಂಡಿದ್ದಿ?"

"ವ್ಯಾಪಾರ ಅವ್ವಿ."

"ಕೈ ಹಿಡದ್ರ ಏನಾಗ್ತೈತಿ?"

"ಕೈ ಹಿಡದ್ರ ಬೆಲ್ಲ ಅವರದು ಆಗ್ತೈತಿ."

"ಅಷ್ಟ?"

ಹೇಳಬಹುದಿತ್ತು ನೋಡಿ. ಆ ಗಳಿಗೆಯಲ್ಲಿ ವಸ್ತ್ರದ ಅಂಚನ್ನು ಒಂದಿಷ್ಟು ಎತ್ತಿ ತೋರಿಸಬಹುದಿತ್ತು. ಸಾಹುಕಾರ ಮಗಳ ಗಲ್ಲ ಸವರಿ, "ಅಷ್ಟ" ಅಂದ.

ಮಗು ಏನು ತಿಳಿದುಕೊಂಡಿತು? ಪ್ರೀತಿಯಿಂದ ಕೈ ಹಿಡಿದು ಕೇಳಿದರೆ ಜನ ಕೊಡುತ್ತಾರೆ. ಜಗತ್ತು ನಡೆಯುವುದೇ ಹೀಗೆ. ಎಷ್ಟು ಚೆಂದದ ಜಗತ್ತು! ನನಗೂ ಅಂಥ ಜಗತ್ತು ಬೇಕು, ನಿಮಗೂ ಬೇಕು. ಆದರೆ ಅಂಥ ಜಗತ್ತು ಆ ಬಜಾರಿನಲ್ಲಿ ಇರಲಿಲ್ಲ.

ನೀಲಾಳಿಗೆ ಶಾಲೆಯಲ್ಲಿ ಒಬ್ಬಳು ಗೆಳತಿ. ಒಂದೇ ಗೋಣಿತಟ್ಟಿನ ಮೇಲೆ ಕೂರುವವರು, ಒಂದೇ ಪೇರಲ ಹಣ್ಣನ್ನು ಎರಡು ಕಡೆಯಿಂದ ಕಚ್ಚುವವರು. ಅವಳ ಹೆಸರು ಹುಲಿಗೆವ್ವ. ಅವಳ ತಾಯಿ ದುರ್ಗವ್ವ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಬೆಳಗಿನಿಂದ ಅವರ ಮನೆಯಲ್ಲಿ ಒಂದೇ ಸಮ ಟಪಟಪ ಸದ್ದು. ಆ ಸದ್ದು ನಿಂತರೆ ಓಣಿಯವರು ಬಂದು "ಆರಾಮ ಅದಿಯಿಲ್ಲೋ?" ಅಂತ ಕೇಳುತ್ತಿದ್ದರು.

ಪಂಚಮಿ ಹಬ್ಬ ಹತ್ತಿರ ಬಂತು. ಬಜಾರಿನಲ್ಲಿ ಹಸಿರು ಗಾಜಿನ ಬಳೆ ಬಂದವು. ಶಾಲೆ ಬಿಟ್ಟು ಬರುವಾಗ ಇಬ್ಬರೂ ಬಳೆಗಾರನ ಅಂಗಡಿಯ ಮುಂದೆ ನಿಂತರು.

"ಬಾ, ಇಡಿಸಿಕೊಳ್ಳೂಣು," ಅಂದಳು ನೀಲಾ.

"ನಮ್ಮವ್ವ ರೊಕ್ಕಾ ಕೊಟ್ಟಿಲ್ಲ. ಹಬ್ಬದ ದಿನಾ ನೋಡೂಣು ಅಂದಾಳ."

"ರೊಕ್ಕ ಯಾಕ ಬೇಕು?"

"ಮತ್ತ ಪುಕ್ಕಟ ಕೊಡ್ತಾರೇನು?"

"ನನಗ ಕೊಡ್ತಾರಲ್ಲ! ನೋಡಿಲ್ಲೇನು ನೀ? ಕೈ ಹಿಡದು ಚೆಂದಾಗಿ ಕೇಳಬೇಕು. ನಮ್ಮಪ್ಪನೂ ಹಂಗ ಮಾಡ್ತಾನ. ಯಾರೂ ರೊಕ್ಕಾ ಕೊಟ್ಟಿದ್ದು ನಾ ಅಂತೂ ನೋಡಿಲ್ಲ."

"ನಮ್ಮವ್ವ ಎಲ್ಲಾ ಅಂಗಡ್ಯಾಗ ಕೊಡ್ತಾಳಲ್ಲ ಮತ್ತ?"

ನೀಲಾ ತುಂಬ ಕನಿಕರದಿಂದ ತಲೆ ಅಲ್ಲಾಡಿಸಿದಳು. "ನಿಮ್ಮವ್ವಗ ಗೊತ್ತಿಲ್ಲ ಪಾಪ. ನೀ ಹೇಳ ಆಕಿಗೆ."

ನಗುತ್ತಿದ್ದೀರಿ. ನಗಿ, ನಗಿ. ಇನ್ನು ಸ್ವಲ್ಪ ಹೊತ್ತು ಮಾತ್ರ.

ಮರುದಿನ ನೀಲಾ ಹಬ್ಬದ ಉಂಡಿ ಕಟ್ಟಿಸಿಕೊಂಡು ಅವ್ವನ ಜೊತೆ ಸೋದರತ್ತೆಯ ಊರಿಗೆ ಹೋದಳು. ಹುಲಿಗೆವ್ವ ಒಬ್ಬಳೇ ಬಳೆಗಾರನ ಅಂಗಡಿಗೆ ಹೋದಳು. ಅವಳಿಗೆ ಸಂಶಯ ಇರಲಿಲ್ಲವೇ? ಇತ್ತು. ರೊಟ್ಟಿ ಬಡಿಯುವವಳ ಮಗಳು, ಅವಳಿಗೆ ರೊಕ್ಕ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ನೀಲಾ ಬರಿಗೈಯಲ್ಲಿ ಅಂಗಡಿಗೆ ಹೋಗಿ ಕೈತುಂಬ ತಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಒಂದು ಸಲ ಅಲ್ಲ, ಎಷ್ಟೋ ಸಲ. ಮಕ್ಕಳು ನಾವು ಹೇಳಿದ್ದನ್ನು ಮರೆಯುತ್ತಾರೆ, ತಾವು ಕಂಡಿದ್ದನ್ನು ಮರೆಯುವುದಿಲ್ಲ.

ಹಬ್ಬದ ಗದ್ದಲ. ಬಳೆಗಾರ ಹುಲಿಗೆವ್ವನ ಕೈ ಹಿಡಿದು, ಮೆಲ್ಲಗೆ ಹಿಂಡಿ, ಒಂದೊಂದಾಗಿ ಹಸಿರು ಬಳೆ ಏರಿಸಿದ. ಅವಳ ಎದೆ ಹಗುರಾಯಿತು. ಕೈ ಹಿಡಿದಿದ್ದಾನಲ್ಲ! ನೀಲಾ ಹೇಳಿದ್ದು ಖರೆ. ಎರಡೂ ಕೈ ತುಂಬಿದ ಮೇಲೆ ಅವಳು ಬಳೆಗಾರನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಚೆಂದಾಗಿ ನಕ್ಕು, "ಬರ್ತೀನ್ರಿ ಕಾಕಾ" ಅಂತ ಮೆಟ್ಟಿಲಿಳಿದಳು.

"ಏ ಹುಡುಗಿ, ರೊಕ್ಕಾ?"

ಹುಲಿಗೆವ್ವ ತಿರುಗಿ ಇನ್ನೊಮ್ಮೆ ನಕ್ಕಳು. ಮೊದಲಿನ ನಗೆ ಸಾಲಲಿಲ್ಲವೇನೋ ಅಂದುಕೊಂಡಳು.

ಸರದಿಯಲ್ಲಿ ಕೂತಿದ್ದ ಒಬ್ಬ ಹೆಂಗಸು ಕೂಗಿದಳು. "ಅಯ್ಯ, ನೋಡ್ರೆ ಇಲ್ಲೆ! ಕೈ ತುಂಬ ಇಡಿಸಿಕೊಂಡು, ಕೈ ಮುಟ್ಟಿ, ನಕ್ಕು ಹೊಂಟಾಳ! ಕಳ್ಳಿ ಇದ್ರೂ ಎಷ್ಟು ನಯ ಐತಿ ನೋಡ್ರಿ!"

ಎಲ್ಲರೂ ನಕ್ಕರು. ಆ ಮಾತು ಅಂಗಡಿಯಿಂದ ಅಂಗಡಿಗೆ ಉರುಳುತ್ತ ಬಜಾರಿನ ಆ ತುದಿಗೆ ಹೋಯಿತು. ಹೋದಂತೆ ನಯ ಉದುರಿ ಹೋಯಿತು, ಕಳ್ಳಿ ಉಳಿಯಿತು.

ದುರ್ಗವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸೆರಗಿನ ಗಂಟು ಬಿಚ್ಚಿ ಅಲ್ಲೇ, ಆ ಕ್ಷಣವೇ ಬಳೆಯ ರೊಕ್ಕ ಎಣಿಸಿ ಕೊಟ್ಟಳು. ರೊಕ್ಕದ ಲೆಕ್ಕ ಮುಗಿಯಿತು. ಆದರೆ ಹುಡುಗಿಯ ಹೆಸರು? ಒಮ್ಮೆ ಇಟ್ಟ ಬಳೆಯನ್ನು ತೆಗೆಯುವುದು ಅಶುಭ ಅಂತ ಆ ಊರಿನಲ್ಲಿ ಯಾರೂ ತೆಗೆಸುತ್ತಿರಲಿಲ್ಲ. ಹಾಗಾಗಿ ಯಾವ ಬಳೆಗಾಗಿ ಊರು ಅವಳನ್ನು ಕಳ್ಳಿ ಅಂದಿತೋ ಅದೇ ಬಳೆ ತೊಟ್ಟು ಅವಳು ಓಡಾಡಬೇಕಾಯಿತು. ನಡೆದರೆ ಸದ್ದು. ನೀರು ತುಂಬಿದರೆ ಸದ್ದು. ಶಾಲೆಯಲ್ಲಿ ಕೈ ಎತ್ತಿ ಉತ್ತರ ಹೇಳಲಿಕ್ಕೂ ಆಗದು. ಕೈ ಎತ್ತಿದರೆ ಸದ್ದು. ಅವಳು ಎರಡೂ ಕೈಯನ್ನು ಲಂಗದ ನೆರಿಗೆಯಲ್ಲಿ ಹುದುಗಿಸಿಕೊಂಡು ಕೂರಲು ಕಲಿತಳು.

ನೀಲಾ ಊರಿನಿಂದ ಬಂದವಳೇ ಓಡಿಹೋದಳು. ದುರ್ಗವ್ವ ಬಾಗಿಲಲ್ಲಿ ನಿಂತಿದ್ದಳು.

"ಹೋಗವ್ವ ತಾಯಿ. ನಿಮ್ಮಂಥವರ ಮನಿ ಆಟ ನಮಗ ತುಟ್ಟಿ ಬೀಳ್ತೈತಿ."

ಒಳಗಿನಿಂದ ಹುಲಿಗೆವ್ವನ ದನಿ ಬಂತು. "ನೀ ಸುಳ್ಳ ಹೇಳಿದಿ. ನಿನ್ನಿಂದ ನನ್ನ ಕಳ್ಳಿ ಅಂದ್ರು."

"ನಾ ಸುಳ್ಳ ಹೇಳಿಲ್ಲ!" ನೀಲಾಳಿಗೆ ಏನಾಗಿದೆ ಅಂತಲೇ ಪೂರ್ತಿ ತಿಳಿದಿರಲಿಲ್ಲ, ಅಳು ಮಾತ್ರ ಬಂತು. "ನಾ ಹೇಳಿಕೊಟ್ಟಿದ್ದೆ ಅಂತ ಬಜಾರದಾಗ ಎಲ್ಲಾರ ಮುಂದ ಹೇಳ್ತೀನಿ. ನೀ ಕಳ್ಳಿ ಅಲ್ಲ ಅಂತ ಹೇಳ್ತೀನಿ. ನಮ್ಮಪ್ಪನ್ನೂ ಕರಕೊಂಡು ಬರ್ತೀನಿ. ಆಣಿ ಮಾಡಿ ಹೇಳ್ತೀನಿ."

ಮಾತು ಕೊಟ್ಟಳು. ಮಕ್ಕಳ ಮಾತು, ನೀವು ಬಿಟ್ಟುಬಿಡಬಹುದು. ಬಿಡಬೇಡಿ.

ಸಾಹುಕಾರನಿಗೆ ಸಂಗತಿ ತಿಳಿಯಿತು. ಅವನು ಏನು ಮಾಡಿದ ಹೇಳಿ? ನಾವು ಮಾಡುವುದನ್ನೇ ಮಾಡಿದ. ಒಂದು ಪೆಟ್ಟಿಗೆ ತುಂಬ ಬಳೆ ಕೊಂಡು ಆಳಿನ ಕೈಯಲ್ಲಿ ದುರ್ಗವ್ವನ ಮನೆಗೆ ಕಳಿಸಿದ. ಪೆಟ್ಟಿಗೆ ಹೋದ ದಾರಿಯಲ್ಲೇ ತಿರುಗಿ ಬಂತು. ಜೊತೆಗೆ ಮಾತೂ ಬಂತು: "ನನ್ನ ಮಗಳ ಕೈಯಾಗ ಬಳಿ ಅದಾವ, ರೊಕ್ಕಾ ಕೊಟ್ಟೀನಿ. ಸಾಹುಕಾರ್ರಿಗೆ ಕಳಸಾಕ ಆದ್ರ ಆಕಿ ಹೆಸರು ತಿರುಗಿ ಕಳಸ್ರಿ ಅಂತ ಹೇಳು."

ಆ ಮಾತು ಸಾಹುಕಾರನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆದರೂ ಬಜಾರಿಗೆ ಹೋಗಿ ಹೇಳುವುದು ಹೇಗೆ? 'ನನ್ನ ಮಗಳಿಗೆ ರೊಕ್ಕ ಅಂದರೆ ಏನೆಂದು ಗೊತ್ತಿಲ್ಲ' ಎಂದು ಇಷ್ಟು ದಿನ ಹೆಮ್ಮೆಯಿಂದ ಹೇಳಿಕೊಂಡವನು, ಅದೇ ಮಾತನ್ನು ತಲೆ ತಗ್ಗಿಸಿ ಹೇಳಬೇಕು. "ನಾಳೆ ಹೋಗೂಣು ಅವ್ವಿ" ಅಂದ. ನಾಳೆ ಪೇಟೆಯಲ್ಲಿ ಗದ್ದಲ. ಅದರ ನಾಳೆ ಯಾರೋ ಬಂದರು. ಹಬ್ಬವೂ ಬಂತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ನೀಲಾ ಜೋಕಾಲಿಯ ಮೇಲೆ ಒಂದು ಬದಿಗೆ ಸರಿದು ಕೂತಳು, ಇನ್ನೊಂದು ಬದಿ ಖಾಲಿ ಬಿಟ್ಟು. ಯಾರೂ ಬರಲಿಲ್ಲ. ಒಂದೇ ಕಡೆ ಭಾರ ಬಿದ್ದು ಜೋಕಾಲಿ ಸೊಟ್ಟಗೆ ತೂಗಿತು.

ಅವತ್ತು ಊಟಕ್ಕೆ ಕೂತಾಗ ಅವಳು ಕೇಳಿದಳು.

"ಅಪ್ಪ, ಬಳಿಗೆ ರೊಕ್ಕಾ ಕೊಡಬೇಕಂತ. ಹೌದೇನು?"

"ಹೌದು."

"ನಾ ತಂದಿದ್ದಕ್ಕೆಲ್ಲಾ?"

"ಕೊಟ್ಟೀವಿ. ವಾರಕ್ಕೊಮ್ಮಿ ಕೊಡ್ತೀವಿ."

"ಪೆಪ್ಪರಮಿಂಟಿಗೂ?"

"ಅದಕ್ಕೂ."

ಮಗು ತುತ್ತು ಕೆಳಗಿಟ್ಟಿತು. "ಮತ್ತ, ನನ್ನ ಮುಂದ ಯಾಕ ಕೊಡಲಿಲ್ಲ?"

ನೋಡಿ. ಆ ಮನೆಯಲ್ಲಿ ಕಬ್ಬಿಣದ ಪೆಟ್ಟಿಗೆ ಇತ್ತು, ಉಗ್ರಾಣ ಇತ್ತು, ಗುಮಾಸ್ತರಿದ್ದರು. ಈ ಪ್ರಶ್ನೆಗೆ ಉತ್ತರ ಮಾತ್ರ ಇರಲಿಲ್ಲ. ನನ್ನ ಮುಂದ ಯಾಕ ಕೊಡಲಿಲ್ಲ? ಸಾಹುಕಾರ ಹೆಂಡತಿಯ ಮುಖ ನೋಡಿದ. ಅವಳು ಸಾಸಿವೆ ಡಬ್ಬಿಯ ಕಡೆ ನೋಡಿದಳು.

ಮಗಳು ಎದ್ದುಹೋದ ಮೇಲೆ ಹೆಂಡತಿಯೇ ಮಾತು ತೆಗೆದಳು. "ನಾವಿಬ್ಬರೂ ಕೂಡೇ ಆಕಿ ಕಣ್ಣು ಮುಚ್ಚಿದ್ವಿ. ನೀವು ವಸ್ತ್ರದಾಗ, ನಾ ಸೆರಗಿನಾಗ."

"ಕೂಸು ಅಲ್ಲೇನು ಇನ್ನೂ? ರೊಕ್ಕದ ಚಿಂತಿ ಯಾಕ ಹಚ್ಚಬೇಕು?"

"ಚಿಂತಿ ಹಚ್ಚಬ್ಯಾಡ್ರಿ. ರೊಕ್ಕಾ ತೋರಸ್ರಿ. ಎರಡೂ ಒಂದ ಅಂತ ನಿಮಗ ಯಾರು ಹೇಳಿದ್ರು?"

ಕೇಳಿದಿರಾ? ಚಿಂತೆ ಬೇರೆ, ತಿಳಿವಳಿಕೆ ಬೇರೆ. ಆ ತಾಯಿ ಯಾವ ಶಾಸ್ತ್ರ ಓದಿದ್ದಳೋ ಗೊತ್ತಿಲ್ಲ.

ಮರುದಿನ ಅವನು ಮಗಳನ್ನು ಪೇಟೆಗೆ ಕರೆದುಕೊಂಡು ಹೋದ. ಕೊಳ್ಳುವವನ ಎದುರು ಕೂತು ವಸ್ತ್ರ ಹೊದಿಸಿದ. ಆಮೇಲೆ ಮಗಳ ಪುಟ್ಟ ಕೈಯನ್ನು ಹಿಡಿದು ವಸ್ತ್ರದ ಕೆಳಗೆ, ತನ್ನ ಕೈಯ ಪಕ್ಕ ಇಟ್ಟುಕೊಂಡ. ಎದುರಿನವನು ಗಾಬರಿಯಾದ. "ಇದೇನ್ರಿ ಸಾಹುಕಾರ್ರ, ಮೂರು ಕೈ ವ್ಯಾಪಾರ?" "ಕಲೀಲಿ ಬಿಡಪ್ಪ" ಅಂದ ಸಾಹುಕಾರ. ಒಂದೊಂದು ಬೆರಳು ಒತ್ತಿದಾಗಲೂ ಮಗಳ ಕಿವಿಯಲ್ಲಿ ಅದರ ಅರ್ಥ ಹೇಳಿದ. ರೊಕ್ಕ ಕೈ ಬದಲಾದಾಗ ತೋರಿಸಿದ. ಬೆಲ್ಲ ಮಾಡಿದವನಿಗೆ ಇಷ್ಟು, ಗಾಡಿ ಹೊಡೆದವನಿಗೆ ಇಷ್ಟು, ಚೀಲ ಹೊತ್ತವನಿಗೆ ಇಷ್ಟು, ನಮಗೆ ಉಳಿಯುವುದು ಇಷ್ಟು. ನೀಲಾ ಕಣ್ಣು ದೊಡ್ಡದು ಮಾಡಿ ಕೇಳಿದಳು. "ಇಷ್ಟ ಏನು ನಮಗ ಉಳಿಯೂದು?" ಸುತ್ತ ಇದ್ದವರೆಲ್ಲ ಗೊಳ್ಳನೆ ನಕ್ಕರು. "ನಿಮ್ಮಪ್ಪ ನಮಗೂ ಹಿಂಗ ಅಂತಾನವ್ವ, ನಾವು ನಂಬೂದಿಲ್ಲ!"

ಅಂಗಡಿಗಳಿಗೂ ಹೊಸ ಮಾತು ಹೋಯಿತು. ಇನ್ನು ಮೇಲೆ ನೀಲಾ ಬಂದರೆ ಎಲ್ಲರ ಹಾಗೆ ರೊಕ್ಕ ಕೇಳಿ. ಮನೆಯಲ್ಲಿ ದೇವರಿಗೆ ಹೂವು ತರುವ ಕೆಲಸ ಅವಳದಾಯಿತು. ಅವ್ವ ಅವಳ ಅಂಗೈಯಲ್ಲಿ ಹೂವಿನ ರೊಕ್ಕ ಇಟ್ಟು ಹೇಳಿದಳು. "ಇದು ಹೂವಿಂದು. ಇದರಾಗ ಉಳಿದ್ರ ನಿಂದು. ಇದು ಹೋದ್ರ ಇನ್ನೊಂದು ಇಲ್ಲ."

ಏನಾಯಿತು ಅಂತ ಹೇಳಬೇಕೇ? ದಾರಿಯಲ್ಲಿ ಬಣ್ಣದ ಬರ್ಫ್ ಮಾರುವವನ ಗಾಡಿ. ಕೆಂಪು ಬರ್ಫ್ ಒಂದು. ಅದು ಕರಗುವಷ್ಟರಲ್ಲಿ ಹಸಿರು ಬರ್ಫ್ ಒಂದು. ನಾಲಿಗೆ ಎರಡು ಬಣ್ಣ ಮಾಡಿಕೊಂಡು ಹೂವಿನವಳ ಮುಂದೆ ನಿಂತು ಕೈ ಚಾಚಿದಳು.

ಹೂವಿನವಳು ಮಾಲೆ ಅಳೆದಳು, ಎಲೆಯಲ್ಲಿ ಸುತ್ತಿದಳು, ಕೊಡಲು ಹೋದವಳು ಕೈ ತಡೆದಳು. "ರೊಕ್ಕಾ, ಅವ್ವಿ?"

ನೀಲಾಳ ಕೈಯಲ್ಲಿ ಬರ್ಫಿನ ಕಡ್ಡಿಗಳು ಮಾತ್ರ ಇದ್ದವು. ಹಿಂದೆ ನಿಂತ ಹೆಂಗಸರು ಬಗ್ಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಹೂವಿನ ಪೊಟ್ಟಣ ಮತ್ತೆ ಬುಟ್ಟಿಗೆ ಹೋಯಿತು. ನೀಲಾಳಿಗೆ ಕಿವಿ ಸುಟ್ಟ ಹಾಗಾಯಿತು, ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ಮನೆಯ ತನಕ ನಿಲ್ಲದೆ ಓಡಿದಳು.

ಮನೆಯ ಅಂಗಳದಲ್ಲಿ ಸಾಹುಕಾರ ಮಗಳ ಮುಖ ನೋಡಿದ. ಅವನ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಯಿತು. ಹೋಗದೇ ಇರುತ್ತದೆಯೇ? ಇಲ್ಲಿ ಕೂತ ಯಾವ ಅಪ್ಪನ ಕೈ ಹೋಗುವುದಿಲ್ಲ? ಹೆಂಡತಿ ಬಂದು ಅವನ ಮುಂಗೈ ಹಿಡಿದಳು. "ಕೈ ತಗೀರಿ ಕಿಸೆಯಿಂದ. ಇವತ್ತೊಂದು ದಿನಾ ದೇವರು ಹೂವಿಲ್ಲದ ಇರ್ತಾನ. ಅವನಿಗೇನೂ ಆಗೂದಿಲ್ಲ." ಅವಳು ಬರಿ ವಿಭೂತಿ ಇಟ್ಟು ಪೂಜೆ ಮಾಡಿದಳು. ಬೈಯಲಿಲ್ಲ. ಮುಖ ಸಿಂಡರಿಸಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವಾಗಿನಂತೆ ಮಂಗಳಾರತಿ ಹೇಳಿದಳು.

ಹೂವಿಲ್ಲದ ದೇವರನ್ನು ನೋಡುತ್ತ ನೀಲಾ ಮೆಲ್ಲಗೆ ಕೇಳಿದಳು. "ಅವ್ವಾ, ಹುಲಿಗೆವ್ವಗ ಬಳಿ ಅಂಗಡ್ಯಾಗ ಹಿಂಗ ಆಗಿತ್ತೇನು?"

"ಇದಕ್ಕಿಂತ ಭಾಳ ಆಗಿತ್ತು ಮಗಳ."

"ಅಪ್ಪ," ಅಂದಳು ನೀಲಾ, ಕಣ್ಣೊರೆಸಿಕೊಂಡು ಎದ್ದು ನಿಂತು. "ನಾಳೆ ಬ್ಯಾಡ. ಈಗ ಹೋಗೂಣು."

ಕಥೆಯನ್ನು ಇಲ್ಲಿ ಒಂದು ಗಳಿಗೆ ನಿಲ್ಲಿಸುತ್ತೇನೆ. ಅಪ್ಪ ಮಗಳು ಚಪ್ಪಲಿ ಹಾಕಿಕೊಳ್ಳಲಿ, ಅಷ್ಟರಲ್ಲಿ ನಿಮ್ಮ ಹತ್ತಿರ ಮಾತಾಡುವುದಿದೆ.

ನೀವು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೀರಿ, ನಾವೇನು ಸಾಹುಕಾರರೇ, ನಮ್ಮ ಮನೆಯಲ್ಲಿ ವಸ್ತ್ರ ಎಲ್ಲಿದೆ ಅಂತ. ಇದೆ ತಾಯಿ. ನಿಮ್ಮ ಕೈಯಲ್ಲೇ ಇದೆ. ಅಂಗಡಿಗೆ ಹೋಗುತ್ತೀರಿ, ಫೋನ್ ತೆಗೆದು ಕಪ್ಪು ಬಿಳಿ ಚೌಕಕ್ಕೆ ತೋರಿಸುತ್ತೀರಿ, ಅದು ಟಿಂಗ್ ಅನ್ನುತ್ತದೆ, ನೀವು ಸಾಮಾನು ಹಿಡಿದು ಬರುತ್ತೀರಿ. ಪಕ್ಕದಲ್ಲಿ ನಿಂತ ಮಗುವಿಗೆ ಏನು ಕಂಡಿತು? ಫೋನ್ ತೋರಿಸಿದರೆ ಐಸ್‌ಕ್ರೀಮ್ ಬರುತ್ತದೆ. ಅಪ್ಪ ಹಗಲೆಲ್ಲ ನಿಂತು ದುಡಿದ ಕಾಲುನೋವು ಅದಕ್ಕೆ ಕಂಡಿತೇ? ತಿಂಗಳ ಕೊನೆಗೆ ನೀವು ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದ್ದು ಕಂಡಿತೇ? ಎಲ್ಲ ವಸ್ತ್ರದ ಕೆಳಗೆ. ಆಮೇಲೆ ಅದೇ ಮಗು ದೊಡ್ಡದಾಗಿ ಏನೋ ಕೇಳಿದಾಗ, 'ರೊಕ್ಕದ ಬೆಲೆ ಗೊತ್ತಿಲ್ಲ ಇವಕ್ಕೆ' ಅಂತ ಬೈಯುತ್ತೀರಿ. ಎಲ್ಲಿಂದ ಗೊತ್ತಾಗಬೇಕು? ಅದರ ಮುಂದ ಯಾಕ ಕೊಡಲಿಲ್ಲ?

ಅದಕ್ಕೇ ಕೇಳಿಕೊಳ್ಳುತ್ತೇನೆ. ಹಾಲಿನವರು ಬಂದಾಗ ರೊಕ್ಕವನ್ನು ಮಗುವಿನ ಕೈಯಿಂದ ಕೊಡಿಸಿ. ಕಸ ಒಯ್ಯುವ ಅಕ್ಕನಿಗೆ ಕೊಡುವುದೂ ಅದರ ಕೈಯಿಂದಲೇ ಆಗಲಿ, ಕೊಡುವಾಗ ಮುಖ ನೋಡಿ ಕೊಡಲು ಹೇಳಿ. ಕರೆಂಟಿನ ಬಿಲ್ಲು ಬಂದರೆ ಮುಚ್ಚಿಡಬೇಡಿ, ಓದಿಸಿ. ಮಗು ಆಟಿಕೆ ಕೇಳಿದಾಗ 'ರೊಕ್ಕ ಇಲ್ಲ' ಅಂತ ಸುಳ್ಳು ಹೇಳುವುದನ್ನು ಬಿಡಿ. ಇದ್ದರೆ ಇದೆ ಅನ್ನಿ. 'ಇದೆ, ಆದರೆ ಅದು ನಿನ್ನ ಪುಸ್ತಕಕ್ಕೆ ಇಟ್ಟದ್ದು' ಅನ್ನಿ. ಇಲ್ಲದಿದ್ದರೆ ನಾಚಿಕೆ ಪಡದೆ 'ಈ ತಿಂಗಳು ಆಗುವುದಿಲ್ಲ' ಅನ್ನಿ, ಅಂದು ತಲೆ ಸವರಿ. ಇಲ್ಲ ಅನ್ನುವುದನ್ನು ಸಮಾಧಾನದಿಂದ ಕೇಳಿಸಿಕೊಂಡ ಮಗು ಮುಂದೆ ಯಾರ ಬಾಗಿಲಲ್ಲೂ ಕುಗ್ಗುವುದಿಲ್ಲ. ಮನೆಯ ಒಂದು ಸಣ್ಣ ಖರ್ಚನ್ನು, ಹೂವೋ ಕೊತ್ತಂಬರಿಯೋ, ಪೂರ್ತಿ ಅದಕ್ಕೇ ಒಪ್ಪಿಸಿ. ತಪ್ಪು ಮಾಡುತ್ತದೆ. ಮಾಡಲಿ. ಒಂದು ದಿನ ಸಾರು ಕೊತ್ತಂಬರಿ ಇಲ್ಲದೆ ಇರುತ್ತದೆ, ಇರಲಿ. ಆಗ ನಿಮ್ಮ ಕೈ ಕಿಸೆಗೆ ಹೋಗುತ್ತದಲ್ಲ, ಆ ಕೈಯನ್ನು ಹಿಡಿಯಿರಿ. ಗಂಡನ ಕೈಯನ್ನು ಹೆಂಡತಿ, ಹೆಂಡತಿಯ ಕೈಯನ್ನು ಗಂಡ. ಮನೆಯಲ್ಲಿ ಇಬ್ಬರು ದೊಡ್ಡವರು ಇರುವುದು ಮತ್ತೆ ಯಾತಕ್ಕೆ?

ಮತ್ತೆ ಒಂದು ಮಾತು. ರೊಕ್ಕದ ಸಲುವಾಗಿ ಜಗಳಾಡಬೇಡಿ ಅಂದರೆ ನೀವು ಕೇಳುವವರಲ್ಲ, ಅದು ನನಗೂ ಗೊತ್ತು. ಜಗಳ ಆದ ಮೇಲೆ ರಾಜಿ ಆಗುತ್ತೀರಲ್ಲ, ಅದನ್ನಾದರೂ ಮಕ್ಕಳ ಮುಂದೆ ಮಾಡಿ. ನಮ್ಮ ಸಾಹುಕಾರ ಕಂಬಳಿಯೊಳಗೆ ಜಗಳ ಮಾತ್ರ ಕೇಳಿದ್ದ. ಆಮೇಲೆ ಅವನ ಅಪ್ಪ ಅವ್ವ ಕೂಡಿ ಕೂತು ಏನೋ ಒಂದು ದಾರಿ ಹುಡುಕಿರಬೇಕಲ್ಲ? ಇಲ್ಲದಿದ್ದರೆ ಅವನು ಬೆಳೆದದ್ದು ಹೇಗೆ? ಆ ಅರ್ಧವನ್ನು ಅವನಿಗೆ ಯಾರೂ ತೋರಿಸಲೇ ಇಲ್ಲ.

ಇಗೋ, ಚಪ್ಪಲಿ ಹಾಕಿಕೊಂಡರು. ಹೊರಟರು.

ಮೊದಲು ದುರ್ಗವ್ವನ ಮನೆ. ಸಾಹುಕಾರ ಬಾಗಿಲ ಹೊರಗೆ ನಿಂತು, "ತಂಗೀ, ಮಗಳನ್ನ ಕರಕೊಂಡು ಬಳಿ ಅಂಗಡಿ ತನಕ ಬರ್ತೀಯೇನು?" ಅಂದ. ಟಪಟಪ ಸದ್ದು ನಿಂತಿತು. ದುರ್ಗವ್ವ ಕೈ ತೊಳೆದುಕೊಂಡು ಬಂದಳು. ಅವಳ ಸೆರಗು ಹಿಡಿದು ಹುಲಿಗೆವ್ವ. ನೀಲಾಳ ಕಡೆ ಅವಳು ನೋಡಲಿಲ್ಲ.

ಸಂತೆಯ ದಿನ, ಬಜಾರು ತುಂಬಿತ್ತು. ಸಾಹುಕಾರ ಬಳೆಗಾರನ ಕಟ್ಟೆಯ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡ. ಜನ ಸೇರಿದರು. "ಏನಿಲ್ಲ, ಸಣ್ಣ ಹುಡುಗ್ರು, ಆಟದಾಗ ಏನೋ ಒಂದು..."

"ಆಟ ಅಲ್ರಿ ಸಾಹುಕಾರ್ರ," ಅಂದಳು ದುರ್ಗವ್ವ.

ಸಾಹುಕಾರ ತಲೆ ತಗ್ಗಿಸಿದ. ಮತ್ತೆ ಬಾಯಿ ತೆರೆದಾಗ ಅವನ ದನಿ ಸಣ್ಣದಾಗಿತ್ತು. "ಹೌದು. ಆಟ ಅಲ್ಲ. ನನ್ನ ಮಗಳಿಗೆ ನಾ ರೊಕ್ಕಾ ಅಂದ್ರ ಏನಂತ ಹೇಳಿಕೊಟ್ಟಿರಲಿಲ್ಲ. ಕೈ ಹಿಡದ್ರ ಕೊಡ್ತಾರ ಅಂತ ನಾನ ಹೇಳಿದ್ದೆ. ಆಕಿ ಅದನ್ನ ಗೆಳತಿಗೆ ಹೇಳಿದಳು. ಈ ಹುಡುಗಿ ಕದಿಯಾಕ ಬಂದಿರಲಿಲ್ಲ. ತಪ್ಪು ನಂದು. ಊರ ಮುಂದ ಕೈ ಮುಗೀತೀನಿ."

ಬಳೆಗಾರ ಗದ್ದಿಗೆಯಿಂದ ಎದ್ದು ನಿಂತ. "ನಾನೂ ಒಂದು ಮಾತು ಕೇಳಬೇಕಾಗಿತ್ರಿ. ಯಾಕವ್ವಾ, ಏನು ತಿಳಕೊಂಡು ಹೊಂಟಿದ್ದಿ ಅಂತ ಕೂಸಿಗೆ ಕೇಳಬೇಕಾಗಿತ್ತು. ಮಂದಿ ನಕ್ಕರು, ನಾನೂ ನಕ್ಕೆ."

ದೊಡ್ಡವರ ಮಾತು ಮುಗಿಯಿತು. ಆದರೆ ಮಾತು ಕೊಟ್ಟವಳು ಯಾರು? ಎಲ್ಲರೂ ನೀಲಾಳ ಕಡೆ ನೋಡಿದರು.

"ನಾ ಹೇಳಿಕೊಟ್ಟಿದ್ದೆ," ಅಂದಳು ಗೊಣಗಿದ ಹಾಗೆ. "ಹುಲಿಗೆವ್ವ ಕಳ್ಳಿ ಅಲ್ಲ."

ತಾಯಿಯ ಸೆರಗಿನ ಹಿಂದಿನಿಂದ ಒಂದು ದನಿ ಬಂತು. "ಕೇಳಸವಲ್ತು."

"ಯಾರಿಗೆ?" ಅಂದಳು ನೀಲಾ.

"ಬ್ಯಾಳಿ ಅಂಗಡಿ ಅಜ್ಜಗ." ಹುಲಿಗೆವ್ವ ಸೆರಗಿನಿಂದ ಅರ್ಧ ಮುಖ ಹೊರಗೆ ಹಾಕಿ ಬಜಾರಿನ ಆ ತುದಿಯನ್ನು ತೋರಿಸಿದಳು. "ಅವತ್ತು ಅಂವಾ ಎದ್ದು ನಿಂತು ನನ್ನ ನೋಡಿದ್ದ. ಅಂವಗ ಕೇಳಸಬೇಕು."

ಯಾರೋ ನಗಲು ಹೋದರು, ದುರ್ಗವ್ವನ ಮುಖ ನೋಡಿ ನುಂಗಿಕೊಂಡರು. ನೀಲಾ ಅತ್ತಿತ್ತ ನೋಡಿದಳು. ಬಳೆಗಾರ ತನ್ನ ಗದ್ದಿಗೆಯನ್ನು ಮುಂದಕ್ಕೆ ಸರಿಸಿಕೊಟ್ಟ. ಅವಳು ಅದರ ಮೇಲೆ ಹತ್ತಿ ನಿಂತು, ಎರಡೂ ಮುಷ್ಟಿ ಬಿಗಿದು, ಕಣ್ಣು ಮುಚ್ಚಿ, ತನ್ನ ಎದೆಯಲ್ಲಿದ್ದಷ್ಟೂ ಗಾಳಿ ಹಾಕಿ ಕೂಗಿದಳು.

"ಹುಲಿಗೆವ್ವ ಕಳ್ಳಿ ಅಲ್ಲಾ! ನಾ ಹೇಳಿದ್ದು ತಪ್ಪು! ಹುಲಿಗೆವ್ವ ಕಳ್ಳಿ ಅಲ್ಲಾ!"

ತಕ್ಕಡಿಗಳು ನಿಂತವು. ಬೆಲೆ ಕೂಗುವವರು ಬಾಯಿ ತೆರೆದೇ ನಿಂತರು. ಬಜಾರಿನ ಆ ತುದಿಯಲ್ಲಿ ಬೇಳೆ ಅಂಗಡಿಯ ಮುದುಕ ಮೊಣಕಾಲು ಹಿಡಿದು ಎದ್ದು, ಕಣ್ಣಿಗೆ ಕೈ ಅಡ್ಡ ಮಾಡಿ ನೋಡಿದ. ಆಮೇಲೆ ಆ ಕೈಯನ್ನೇ ಮೇಲಕ್ಕೆ ಎತ್ತಿ, ಇಡೀ ಬೀದಿಗೆ ಕೇಳುವ ಹಾಗೆ ಉತ್ತರ ಕೊಟ್ಟ.

"ಕೇಳ್ತವ್ವಾ, ಕೇಳ್ತು! ಹುಲಿಗೆವ್ವ ಕಳ್ಳಿ ಅಲ್ಲ!"